ಗೋಡೆ ಪಕ್ಕದ ಸಾಲು

ನಮ್ಮಪ್ಪ ಗರಿಕೆಯನ್ನು ಎರಡೇ ಕಡೆ ಒಪ್ಪುತ್ತಿದ್ದರು. ಒಂದು ಗಣಪತಿಯ ತಲೆಯ ಮೇಲೆ, ಇನ್ನೊಂದು ಎತ್ತಿನ ಬಾಯಲ್ಲಿ. ರಾಗಿ ಹೊಲದಲ್ಲಿ ಅದರ ಒಂದು ಬೇರು ಕಂಡರೂ ಉಳುವ ಎತ್ತು ನಿಲ್ಲಿಸಿ, ಬಗ್ಗಿ, ಕೈಯಲ್ಲೇ ಮಣ್ಣು ಬಗೆದು, ಗಂಟುಗಂಟಾದ ಆ ಬಳ್ಳಿಯನ್ನು ಎಳೆದೆಳೆದು ತೆಗೆದು ಬದುವಿನ ಕಲ್ಲಿನ ಮೇಲೆ ಒಣಗಲು ಎಸೆಯುತ್ತಿದ್ದರು. ಅಂಥವರ ಮಗ ನಾನು. ನಿವೃತ್ತನಾಗಿ ಕನಕಪುರದ ಅಂಚಿನಲ್ಲಿ, ಸಾತನೂರು ರಸ್ತೆಗೆ ಹತ್ತಿರ ಮನೆ ಕಟ್ಟಿಸಿ, ಮುಂದೆ ಹುಲ್ಲುಹಾಸು ಬೆಳೆಸುತ್ತೇನೆಂದು ಹೊರಟಾಗ ಒಬ್ಬ "ಗರಿಕೆ ಹಾಕಿ ಸಾರ್" ಎಂದದ್ದು ನನಗೆ ಬೈಗುಳದಂತೆ ಕೇಳಿಸಿತು.

ಹಾಗೆಂದವನು ಖಲಂದರ್. ಚನ್ನಪಟ್ಟಣದವನು. ಹರೆಯದಲ್ಲಿ ಬೊಂಬೆಯ ಲೇತಿನ ಮುಂದೆ ಕೂತಿದ್ದವನು. ಮರದ ಪುಡಿಗೆ ಎದೆ ಕಟ್ಟತೊಡಗಿದ ಮೇಲೆ ತೋಟದ ಕೆಲಸಕ್ಕೆ ಇಳಿದು ಇಪ್ಪತ್ತು ವರ್ಷ ಬಂಗಲೆಗಳ ಹುಲ್ಲು ನೋಡಿಕೊಂಡಿದ್ದ. ನನ್ನ ಅಂಗಳದ ಕೆಂಪು ಮಣ್ಣನ್ನು ಒಂದು ಹಿಡಿ ಎತ್ತಿ, ಮುಷ್ಟಿ ಕಟ್ಟಿ, ಬಿಡಿಸಿ ನೋಡಿದ.

"ಸಾರ್, ಬೇಜಾರ್ ಮಾಡ್ಕೋಬ್ಯಾಡಿ. ಈ ಮಣ್ಣು, ಈ ಬಿಸ್ಲು, ಈ ನೀರು. ಮೂರಕ್ಕೂ ಒಗ್ಗೋದು ಗರಿಕೆ ಒಂದೇ. ಒಂದಡಿ ಅಗ್ಸಿ, ಒಸಿ ಮರಳು, ಒಸಿ ಹಳೇ ಗೊಬ್ರ ಬೆರ್ಸಿ, ಗೇಣಿಗೊಂದು ತುಂಡು ಊರ್ದ್ರೆ ಎರಡು ತಿಂಗ್ಳಲ್ಲಿ ಮಖಮಲ್ಲು. ನಾಲ್ಕು ದಿನಕ್ಕೊಂದ್ಸಲ ನೀರು ಕೊಟ್ರೆ ಸಾಕು. ಬ್ಯಾಸ್ಗೇಲಿ ಸತ್ತಂಗೆ ಕಾಣ್ತದೆ, ಸಾಯಾಕಿಲ್ಲ."

"ಹೊಲದಲ್ಲಿ ಕಿತ್ತು ಎಸೆಯೋದನ್ನ ದುಡ್ಡು ಕೊಟ್ಟು ನೆಡಬೇಕಾ?" ಎಂದು ನಕ್ಕೆ.

"ಕಿತ್ತಷ್ಟೂ ಬತ್ತದಲ್ಲ ಸಾರ್, ಅದಕ್ಕೇ ಯೋಳಿದ್ದು."

ನಾನು ಕೇಳಲಿಲ್ಲ. ಬೆಂಗಳೂರಿನಲ್ಲಿ ನಮ್ಮ ಹಿಂದಿನ ಮೇಲಧಿಕಾರಿಗಳ ಮನೆಯ ಮುಂದೆ ನೋಡಿದ್ದ ಹುಲ್ಲು ನನ್ನ ಕಣ್ಣಲ್ಲಿತ್ತು. ಎಳೆ ಎಳೆಯಾಗಿ, ಮಗುವಿನ ಕೂದಲಿನಂತೆ ಮೆತ್ತಗಿತ್ತು. ಮೆಕ್ಸಿಕನ್ ಅಂತ ಅದರ ಹೆಸರು. ಚೌಕ ಚೌಕವಾಗಿ ಕತ್ತರಿಸಿ, ಚಾಪೆಯಂತೆ ಸುತ್ತಿ, ಲಾರಿಯಲ್ಲಿ ತಂದು ಹಾಸಿಸಿದೆ. ಸಂಜೆ ಅದರ ಮೇಲೆ ಬರಿಗಾಲಲ್ಲಿ ನಡೆದಾಗ, ಮೂವತ್ತೆರಡು ವರ್ಷ ಕೆಸರು ತುಳಿದ ಕಾಲಿಗೆ ದೇವರು ಕೊಟ್ಟ ಪ್ರಸಾದ ಇದು ಅಂದುಕೊಂಡೆ.

ಆ ಮೂವತ್ತೆರಡು ವರ್ಷ ನಾನು ರೇಷ್ಮೆ ಪ್ರದರ್ಶಕನಾಗಿದ್ದೆ. ಹಳ್ಳಿ ಹಳ್ಳಿ ತಿರುಗಿ ಹುಳು ಸಾಕುವುದನ್ನು ಕಲಿಸುವ ಕೆಲಸ. ಗಂಗಹನುಮಯ್ಯ ಎಂಬ ನನ್ನ ಹೆಸರು ಯಾರ ಬಾಯಲ್ಲೂ ಉಳಿದಿರಲಿಲ್ಲ. ಸಾತನೂರಿನಿಂದ ಹಾರೋಹಳ್ಳಿಯವರೆಗೆ ನಾನು "ಹುಳಿನ ಮೇಷ್ಟ್ರು". ಹಿಪ್ಪುನೇರಳೆ ತೋಟದ ಹತ್ತಿರ ಯಾರಾದರೂ ಔಷಧಿ ಕ್ಯಾನು ಬೆನ್ನಿಗೇರಿಸಿದ್ದು ಕಂಡರೆ ಸೈಕಲ್ ಎಸೆದು ಓಡಿಹೋಗಿ ಬೈಯುತ್ತಿದ್ದೆ. "ರೇಷ್ಮೆ ಹುಳುವಿಗೆ ಮೂಗಿಲ್ಲ ಅಂದ್ಕೊಂಡ್ರಾ? ನಿಮ್ಮ ಬದನೆಗೆ ಹೊಡೆದ ಔಷಧಿ ಪಕ್ಕದ ಸೊಪ್ಪಿನ ಮೇಲೆ ಕೂತ್ರೆ ಒಂದು ಮನೆ ಒಲೆ ಆರ್ತದೆ" ಎಂದು ನಡುದಾರಿಯಲ್ಲಿ ನಿಂತು ಕೂಗಿದ್ದೇನೆ. ಜನ ತಲೆ ತಗ್ಗಿಸುತ್ತಿದ್ದರು.

ನನ್ನ ಕಾಂಪೌಂಡ್ ಗೋಡೆಯ ಆಚೆಗೆ ಮುನಿಯಮ್ಮನ ಹಿಪ್ಪುನೇರಳೆ ತೋಟ. ಅರ್ಧ ಎಕರೆ. ಅದರ ಮೊದಲ ಸಾಲು ಗೋಡೆಗೆ ಆತುಕೊಂಡೇ ಇತ್ತು. ತೋಟದಾಚೆ ಅವಳ ಮನೆ, ಮನೆಯ ಪಕ್ಕಕ್ಕೆ ಹುಳು ಸಾಕುವ ಒಂದು ಅಂಕಣ. ಮಗ ಬೋರಲಿಂಗ ಬೆಳಗಾಗುವ ಮುಂಚೆ ಬಸ್ಸು ಹಿಡಿದು ಹಾರೋಹಳ್ಳಿಯ ಫ್ಯಾಕ್ಟರಿಗೆ ಹೋಗುತ್ತಿದ್ದ. ಹುಳುವಿನ ಕೆಲಸವೆಲ್ಲ ಮುನಿಯಮ್ಮ ಮತ್ತು ಸೊಸೆ ಕೆಂಪಾಜಮ್ಮನದು. ಕೆಂಪಾಜಿ ಸಾತನೂರು ಕಡೆಯ ಹುಡುಗಿ. ಮದುವೆಗೆ ಮುಂಚೆ ಅಲ್ಲಿ ನಾನು ನಡೆಸಿದ ಮಹಿಳಾ ತರಬೇತಿಯಲ್ಲಿ ಮುಂದಿನ ಸಾಲಿನಲ್ಲಿ ಕೂತು, ನಾನು ಕೆಮ್ಮಿದರೂ ಬರೆದುಕೊಳ್ಳುತ್ತಿದ್ದವಳು. ಆ ನೋಟುಬುಕ್ಕನ್ನು ಸೀರೆ ಪಾತ್ರೆಗಳ ಜೊತೆ ಗಂಡನ ಮನೆಗೂ ತಂದಿದ್ದಳು.

ನನ್ನ ಹುಲ್ಲು ಆ ಮನೆಯವರಿಗೆ ತಮಾಷೆಯ ವಸ್ತು. ನಾನು ಪೈಪು ಹಿಡಿದು ನೀರು ಹಾಕುವಾಗ ಮುನಿಯಮ್ಮ ಗೋಡೆಯಾಚೆಯಿಂದ ಕತ್ತು ಚಾಚುತ್ತಿದ್ದಳು.

"ಮೇಷ್ಟ್ರೇ, ಹಸ ಯಾವಾಗ ತತ್ತೀರಿ?"

"ಯಾವ ಹಸ?"

"ಇಷ್ಟೊಂದು ಹುಲ್ಲು ಬೆಳೀತಿದ್ದೀರಲ್ಲ, ಅದುನ್ನ ತಿನ್ನಕೆ."

"ಇದು ತಿನ್ನೋ ಹುಲ್ಲಲ್ಲ ಮುನಿಯಮ್ಮ. ನೋಡೋ ಹುಲ್ಲು."

"ಅಯ್ಯೋ ಸಿವ್ನೇ! ಹುಲ್ಲು ನೋಡಕೂ ಒಂದು ಪಿಂಚಣಿ ಬೇಕಾಯ್ತು ನೋಡು!" ಎಂದು ಸೊಸೆಯ ಕಡೆ ತಿರುಗಿ ನಗುತ್ತಿದ್ದಳು. ಕೆಂಪಾಜಿ ನಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು, "ಸುಮ್ಕಿರತ್ತೆ, ಸಾರು ಬೇಜಾರ್ ಮಾಡ್ಕತ್ತಾರೆ" ಎನ್ನುತ್ತಿದ್ದಳು.

ಬೇಜಾರಾಗುತ್ತಿತ್ತು, ಸುಳ್ಳಲ್ಲ. ನೋಡುವ ಹುಲ್ಲನ್ನು ಚೆನ್ನಾಗಿ ತೋರಿಸಬೇಕೆಂಬ ಹಟವೂ ಹೆಚ್ಚುತ್ತಿತ್ತು. ಮೊದಲ ಬೇಸಿಗೆಗೇ ಅಂಗಳದ ಅರ್ಧ ಹುಲ್ಲು ಸುಟ್ಟ ಕಾಗದದಂತಾಯಿತು. ದಿನಕ್ಕೆರಡು ಸಲ ನೀರು ಬಿಟ್ಟೆ. ಬೇರಿನಲ್ಲಿ ನೀರು ನಿಂತು ಬೂಸಲು ಬಂತು. ಬೂಸಲಿಗೆ ಪುಡಿ ಹಾಕಿದೆ. ಮಧ್ಯೆ ಮಧ್ಯೆ ಸತ್ತ ಜಾಗದಲ್ಲಿ, ಯಾರೂ ಕರೆಯದೆ, ಗರಿಕೆ ತಲೆಯೆತ್ತಿತು. ಅಪ್ಪನಂತೆಯೇ ಬಗ್ಗಿ ಬಗ್ಗಿ ಕಿತ್ತೆ. ತಿಂಗಳಿಗೊಮ್ಮೆ ಬರುತ್ತಿದ್ದ ಖಲಂದರ್ ನೋಡಿ ಏನೂ ಅನ್ನುತ್ತಿರಲಿಲ್ಲ. ಕಿತ್ತು ಹಾಕಿದ ಗರಿಕೆಯನ್ನು ಒಂದು ಕಡೆ ಒಟ್ಟಿ, ನೀರು ಚಿಮುಕಿಸಿ ಹೋಗುತ್ತಿದ್ದ.

ಎರಡನೆಯ ವರ್ಷದ ಆಷಾಢ. ನಮ್ಮ ಹಿಂದಿನ ಮೇಲಧಿಕಾರಿಗಳು ಮಹದೇಶ್ವರ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ ಶನಿವಾರ ಮನೆಗೆ ಬರುತ್ತೇವೆಂದು ಫೋನ್ ಮಾಡಿದರು. ಹುಲ್ಲಿನ ಮೇಲೆ ಕುರ್ಚಿ ಹಾಕಿ ಕಾಫಿ ಕೊಡಬೇಕೆಂದು ಆಗಲೇ ಲೆಕ್ಕ ಹಾಕಿಬಿಟ್ಟೆ. ಮಾರನೆಯ ದಿನ ನೋಡಿದರೆ ಹುಲ್ಲಿನ ನಟ್ಟನಡುವೆ ತಟ್ಟೆಯಗಲದ ಕಂದು ಕಲೆಗಳು. ಹುಲ್ಲನ್ನು ಹಿಡಿದೆಳೆದರೆ ಬೇರಿಲ್ಲದೆ ಕಂಬಳಿಯಂತೆ ಎದ್ದು ಬಂತು. ಕೆಳಗೆ ಬಿಳಿಯ ಗೊಣ್ಣೆಹುಳುಗಳು ಮುದುರಿ ಮಲಗಿದ್ದವು.

ಕೈಯಲ್ಲಿ ಆರಿಸಿದ್ದರೆ ಒಂದು ದಿನದ ಕೆಲಸ. ಬೇವಿನ ಹಿಂಡಿ ಹಾಕಿದ್ದರೆ ಒಂದು ವಾರ. ನನಗೆ ಶನಿವಾರದೊಳಗೆ ಆಗಬೇಕಿತ್ತು. ಪೇಟೆಗೆ ಹೋಗಿ ಒಂದು ಬಾಟಲಿ ತಂದೆ, ಕ್ಯಾನು ಬಾಡಿಗೆಗೆ ತಂದೆ. ಗುರುವಾರ ಸಂಜೆ ಬೆನ್ನಿಗೆ ಏರಿಸಿಕೊಂಡೆ. ಹೆಂಡತಿ ವೆಂಕಟಲಕ್ಷ್ಮಮ್ಮ ಬಾಗಿಲಲ್ಲಿ ನಿಂತು, "ಈ ಗಾಳೀಲಾ?" ಎಂದಳು. ಅಷ್ಟೇ ಅಂದಳು. ಅಂಗಳದ ಹಗ್ಗದ ಮೇಲೆ ನನ್ನ ಪಂಚೆ ಪಟಪಟನೆ ಬಡಿದುಕೊಳ್ಳುತ್ತ ಗೋಡೆಯ ಕಡೆಗೇ ಹಾರಾಡುತ್ತಿತ್ತು. ನಾನು ಅದನ್ನು ನೋಡಿದೆ. ನೋಡಲಿಲ್ಲ ಎಂದು ಈಗ ಹೇಳಿಕೊಂಡರೆ ಅದು ಇನ್ನೊಂದು ಸುಳ್ಳು.

ಹೊಡೆದೆ. ಬೇರಿಗೆ ಇಳಿಯಲಿ ಎಂದು ಎರಡು ಸಲ ಹೊಡೆದೆ. ಮುಗಿಸಿ ನಿಂತಾಗ ಔಷಧಿಯ ವಾಸನೆ ಅಂಗಳದಲ್ಲಿ ಅಷ್ಟಾಗಿ ಇರಲಿಲ್ಲ. ಗೋಡೆಯ ಹತ್ತಿರ ಹೋದರೆ ಮೂಗಿಗೆ ಬಡಿಯಿತು.

ಆಗ ಒಂದು ಕೆಲಸವಿತ್ತು. ಗೋಡೆಯ ಮೇಲಿಂದ ಕೂಗಿ, "ಮುನಿಯಮ್ಮ, ಗೋಡೆ ಪಕ್ಕದ ಸಾಲು ಹದಿನೈದು ದಿನ ಕುಯ್ಯಬೇಡಿ" ಎನ್ನುವುದು. ಒಂದೇ ಮಾತು. ಬಾಯಿಗೆ ಬಂತು. ಅದರ ಹಿಂದೆಯೇ ಮೂವತ್ತೆರಡು ವರ್ಷ ನಾನು ಬೈದವರ ಮುಖಗಳೂ ಬಂದವು. ಹುಳಿನ ಮೇಷ್ಟ್ರು ಹಿಪ್ಪುನೇರಳೆ ಪಕ್ಕ ಔಷಧಿ ಹೊಡೆದನಂತೆ, ಅದೂ ಹುಲ್ಲಿಗೆ! ನಾಳೆ ಹೇಳೋಣ, ಹೇಗಾದರೂ ಬೇರೆ ನೆಪ ಹೇಳೋಣ ಎಂದುಕೊಂಡೆ. ಒಳಗೆ ಹೋಗಿ ಸ್ನಾನ ಮಾಡಿ, ದೇವರ ಮುಂದೆ ದೀಪ ಹಚ್ಚಿ, ಊಟ ಮಾಡಿ ಮಲಗಿದೆ. ನಿದ್ದೆಯೂ ಬಂತು.

ಶುಕ್ರವಾರ ನಾನೇಳುವ ಹೊತ್ತಿಗೆ ಗೋಡೆ ಪಕ್ಕದ ಸಾಲು ಬೋಳಾಗಿತ್ತು.

ಮಧ್ಯಾಹ್ನ ಮುನಿಯಮ್ಮ ಗೇಟು ತಳ್ಳಿಕೊಂಡು ಓಡಿ ಬಂದಳು. ತಲೆಗೂದಲು ಬಿಚ್ಚಿಹೋಗಿತ್ತು. "ಮೇಷ್ಟ್ರೇ, ಒಸಿ ಬನ್ನಿ. ಹುಳ ಏನೋ ಆಡ್ತಾವೆ."

ಹೋದೆ. ಹೋಗದೆ ಇರಲು ಯಾವ ನೆಪವೂ ಹೊಳೆಯಲಿಲ್ಲ.

ನಾಲ್ಕನೇ ಜ್ವರ ಎದ್ದ ಹುಳು, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ ಹುಳು, ಸೊಪ್ಪು ತಿನ್ನುವ ಮನೆಗೆ ಒಂದು ಸದ್ದಿರುತ್ತದೆ. ಒಣ ಮಣ್ಣಿಗೆ ಸಣ್ಣ ಹನಿ ಬಿದ್ದ ಹಾಗೆ, ಬಿಡದೆ, ಹಗಲೂ ರಾತ್ರಿ. ಆ ಸದ್ದಿಲ್ಲದ ಹುಳುಮನೆಗೆ ನಾನು ಕಾಲಿಟ್ಟೆ. ಇನ್ನೆರಡು ದಿನಕ್ಕೆ ಹಣ್ಣಾಗಿ, ಚಂದ್ರಿಕೆಯ ಬಿದಿರು ತಟ್ಟಿಗೆ ಏರಿ ಗೂಡು ಕಟ್ಟಬೇಕಾದ ಹುಳುಗಳು. ತಟ್ಟೆ ತಟ್ಟೆಯಲ್ಲೂ ತಲೆಯನ್ನು ಮೇಲೆತ್ತಿ ಅತ್ತ ಇತ್ತ ಒದರುತ್ತಿದ್ದವು. ಬಾಯಿಂದ ಹಸಿರು ನೀರು ಕಾರಿ ಸೊಪ್ಪೆಲ್ಲ ಅಂಟಂಟಾಗಿತ್ತು. ಕೆಲವು ಆಗಲೇ ಅರ್ಧಕ್ಕೆ ಕುಗ್ಗಿ, ಕೊಕ್ಕೆಯಂತೆ ಬಾಗಿ, ನಿಶ್ಚಲವಾಗಿದ್ದವು.

ಅಕ್ಕಪಕ್ಕದವರು ಐದಾರು ಜನ ಬಾಗಿಲಲ್ಲಿ ನಿಂತಿದ್ದರು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು.

ಕೆಂಪಾಜಿ ತಟ್ಟೆಯ ಪಕ್ಕ ಮೊಣಕಾಲೂರಿ ಕೂತಿದ್ದಳು. ಮೆಲ್ಲಗೆ, ಪಾಠ ಒಪ್ಪಿಸುವವಳಂತೆ ಹೇಳಿದಳು: "ಸಾರ್, ಇದು ಇಸದ್ದು ಅನ್ನಿಸ್ತದೆ. ತಲೆ ಒದರ್ತಾವೆ, ಹಸ್ರು ಕಕ್ತಾವೆ, ಮೈ ಮುದುರ್ತಾವೆ. ನೀವು ಹಿಂಗೇ ಬರೆಸಿದ್ರಿ. ಯಾರೋ ಔಸ್ದಿ ಹೊಡ್ದವ್ರೆ ಸಾರ್."

ಅವಳು ಹೇಳಿದ್ದು ಅಕ್ಷರ ಅಕ್ಷರವೂ ಸರಿಯಾಗಿತ್ತು. ಅಷ್ಟು ಚೆನ್ನಾಗಿ ಕಲಿತ ಶಿಷ್ಯೆ ಮೂವತ್ತೆರಡು ವರ್ಷದಲ್ಲಿ ನನಗೆ ಇನ್ನೊಬ್ಬಳು ಸಿಕ್ಕಿರಲಿಲ್ಲ.

"ನಿನಗೆ ನನಗಿಂತ ಚೆನ್ನಾಗಿ ಗೊತ್ತೇನಮ್ಮಾ?" ಎಂದೆ.

ಅವಳು ತಲೆ ತಗ್ಗಿಸಿದಳು.

ನಾನು ಒಂದು ಹುಳು ಎತ್ತಿ ಬೆಳಕಿಗೆ ಹಿಡಿದೆ. ನೋಡಲು ಅದರಲ್ಲಿ ಏನೂ ಉಳಿದಿರಲಿಲ್ಲ. ಹೊತ್ತು ಕಳೆಯಲು ನೋಡಿದೆ. "ಸಪ್ಪೆ ರೋಗ ಇದು" ಎಂದೆ. "ಒದ್ದೆ ಸೊಪ್ಪು ಹಾಕಿದ್ರೆ ಹೀಗಾಗುತ್ತೆ. ಬೆಳಿಗ್ಗೆ ಸೊಪ್ಪು ಕುಯ್ದವರು ಯಾರು?"

ಮುನಿಯಮ್ಮ ನಿಧಾನವಾಗಿ ಸೊಸೆಯ ಕಡೆ ತಿರುಗಿದಳು.

"ಆರ್ಸಿದ್ದೆ ಅತ್ತೆ. ಗೋಣಿತಾಟಿನ ಮ್ಯಾಲೆ ಹರ್ಡಿ ಆರ್ಸೇ ಹಾಕಿವ್ನಿ. ದೇವ್ರಾಣೆ."

"ಮೇಷ್ಟ್ರು ಸುಳ್ಳಾ ಹಂಗಾದ್ರೆ?" ಮುನಿಯಮ್ಮನ ಸ್ವರ ಏರಿತು. "ಬಿರ್ಬಿರ್ನೆ ಕುಯ್ದು ತಂದು ಸುರ್ದುಬುಟ್ಟು, ಟೀವಿ ಮುಂದೆ ಕುಂತ್ಕಂಡಿದ್ಯೇನೇ? ಕಣ್ಣಿಗೆ ಕಣ್ಣಾಗಿ ಸಾಕಿದ್ನಲ್ಲೇ ಇವುನ್ನ! ಇಂಥ ಕೈನ ನನ್ ಮನೆಗೆ ತಂದ್ಕಂಡ್ನಲ್ಲಪ್ಪಾ!"

ಬಾಗಿಲಲ್ಲಿ ನಿಂತಿದ್ದ ಹೆಂಗಸೊಬ್ಬಳು, "ಈಗಿನ ಹೆಣ್ಮಕ್ಳು, ಇನ್ನೇನು" ಎಂದಳು. ಇನ್ನೊಬ್ಬಳು ಹ್ಞೂಂಗುಟ್ಟಿದಳು. ಕೆಂಪಾಜಿ ಅಳಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ನಾನು ಏನಾದರೂ ಹೇಳಿಯೇನು ಎಂದು ಕಾಯುವ ನೋಟ ಅದು. ಮೇಷ್ಟರ ಮುಂದೆ ಕೈಯೆತ್ತಿ ಕೂತ ಮಗುವಿನ ನೋಟ. ನಾನು ಕೈ ತೊಳೆಯಲು ನೀರು ಕೇಳಿದೆ. ಅವಳೇ ತಂದು ಹಾಕಿದಳು.

ಶನಿವಾರ ಮೇಲಧಿಕಾರಿಗಳು ಬಂದರು. ಕಲೆಗಳ ಮೇಲೆ ಕುರ್ಚಿ ಇರಿಸಿದ್ದೆ, ಕಾಣಲಿಲ್ಲ. ಅವರು ಚಪ್ಪಲಿ ಬಿಟ್ಟು ಹುಲ್ಲಿನ ಮೇಲೆ ನಾಲ್ಕು ಹೆಜ್ಜೆ ನಡೆದು, "ಏನ್ರೀ ಗಂಗಹನುಮಯ್ಯ, ಸರ್ವಿಸ್‌ನಲ್ಲೂ ಮಾದರಿ, ರಿಟೈರಾದ ಮೇಲೂ ಮಾದರಿ" ಎಂದರು. ಆ ಹೊತ್ತಿಗೆ ಗೋಡೆಯಾಚೆ ಗುದ್ದಲಿಯ ಸದ್ದು ಕೇಳಿಸುತ್ತಿತ್ತು. ಮುನಿಯಮ್ಮ ಗುಂಡಿ ತೋಡುತ್ತಿದ್ದಳು. ಬೋರಲಿಂಗ ರಜೆ ಹಾಕಿ ಮನೆಯಲ್ಲಿದ್ದ. ತಟ್ಟೆಗಳನ್ನು ಒಂದೊಂದಾಗಿ ತಂದು ಗುಂಡಿಗೆ ಕೊಡವುತ್ತಿದ್ದ. ಮೇಲೆ ಸುಣ್ಣ ಸುರಿದರು. ಬಿಳಿಯ ಪುಡಿ ಗಾಳಿಗೆ ಎದ್ದು ಬೇಲಿಯ ಕಡೆ ಹೋಯಿತು.

"ಏನದು?" ಎಂದರು ಮೇಲಧಿಕಾರಿಗಳು.

"ಬೆಳೆ ಹೋಗಿದೆ ಸಾರ್, ಪಾಪ" ಎಂದೆ.

"ನೀವು ಪಕ್ಕದಲ್ಲಿದ್ದೂನಾ?"

ಅವರು ತಮಾಷೆಗೆ ಅಂದದ್ದು. ನಾನೂ ನಕ್ಕೆ. ಕಾಫಿ ಲೋಟ ಕೈಯಲ್ಲಿತ್ತು.

ಭಾನುವಾರದಿಂದ ಕೆಂಪಾಜಿ ಕಾಣಲಿಲ್ಲ. ಹೆಂಡತಿ ಗೋಡೆಯ ಮೇಲಿಂದ ವಿಚಾರಿಸಿದಾಗ ಮುನಿಯಮ್ಮ, "ಆಷಾಢ ಅಲ್ವರಾ, ತವ್ರಿಗೆ ಹೋಗವ್ಳೆ" ಎಂದಳಂತೆ. ಆಷಾಢಕ್ಕೆ ತವರಿಗೆ ಹೋಗುವವರು ಹೊಸ ಮದುವಣಗಿತ್ತಿಯರು. ಕೆಂಪಾಜಿಯ ಮದುವೆಯಾಗಿ ಮೂರು ವರ್ಷ ಆಗಿತ್ತು. ಕೇಳಿದವರಿಗೂ ಹೇಳಿದವರಿಗೂ ಅದು ಗೊತ್ತಿತ್ತು.

ಖಲಂದರ್ ಬಂದ. ಹುಲ್ಲಿನ ಮೇಲೆ ಬಗ್ಗಿ, ಒಂದು ಎಳೆ ಕಿತ್ತು, ಮೂಸಿದ. ಆಮೇಲೆ ಗೋಡೆಯ ಹತ್ತಿರ ಹೋಗಿ ಆಚೆಗೆ ನೋಡಿದ. ಗುಂಡಿ ಮುಚ್ಚಿದ ಹಸಿಮಣ್ಣು ಕಂಡಿರಬೇಕು.

"ಸಾರ್, ಆ ಕಡೆಯವ್ರಿಗೆ ಗೊತ್ತಾ?"

ನಾನು ನೀರಿನ ಪೈಪು ಸುತ್ತತೊಡಗಿದೆ.

"ನಾನು ಯೋಳಾಕಿಲ್ಲ ಸಾರ್. ನಾನ್ ಯೋಳಿದ್ರೆ ಅದು ಚಾಡಿ ಆಯ್ತದೆ. ನೀವು ಯೋಳಿದ್ರೆ ಬ್ಯಾರೆ." ತಲೆಗೆ ಸುತ್ತಿದ್ದ ಟವೆಲ್ಲು ಬಿಚ್ಚಿ ಕೊಡವಿ ಹೆಗಲಿಗೆ ಹಾಕಿಕೊಂಡ. ಕೆಲಸ ಮಾಡದೆ ಹೋದ.

ಆ ವಾರದಲ್ಲೇ ಸಂಕಷ್ಟಿ ಬಂತು. ನಾನು ಸಂಕಷ್ಟಿ ತಪ್ಪಿಸುವವನಲ್ಲ. ದಿನವಿಡೀ ಉಪವಾಸವಿದ್ದು, ಇಪ್ಪತ್ತೊಂದು ಗರಿಕೆ ಏರಿಸಿ, ಚಂದ್ರನನ್ನು ನೋಡಿ ಊಟ ಮಾಡುವುದು ನಮ್ಮ ಮನೆಯ ನಡಾವಳಿ. ಸಂಜೆ ಮಣೆ ಹಾಕಿ ಕೂತೆ. ಹೂವು, ಅಕ್ಷತೆ, ಬೆಲ್ಲ ಎಲ್ಲ ಇತ್ತು. ಗರಿಕೆಯ ತಟ್ಟೆ ಖಾಲಿ.

"ಗರಿಕೆ ಎಲ್ಲಿ?" ಎಂದೆ.

"ತರಕ್ಕೆ ಹೋಗಿದ್ದೆ" ಎಂದಳು ವೆಂಕಟಲಕ್ಷ್ಮಮ್ಮ. "ನಮ್ಮ ಅಂಗಳದಲ್ಲಿ ಒಂದೆರಡು ಎದ್ದಿದ್ದಾವೆ. ಕೀಳಕ್ಕೆ ಕೈ ಹಾಕ್ದೆ. ಮೊನ್ನೆ ನೀವು ವಿಷ ಹೊಡೆದ ನೆಲ ಅಲ್ವಾ, ದೇವರ ತಲೆ ಮೇಲೆ ಹೇಗಿಡೋದು ಅನ್ನಿಸ್ತು. ಬದುವಿನ ಕಡೆಯಿಂದ ತರ್ತೀನಿ ಇರಿ."

ಅವಳ ದನಿಯಲ್ಲಿ ಯಾವ ಚುಚ್ಚೂ ಇರಲಿಲ್ಲ. ಅವಳಿಗೆ ಗೋಡೆಯಾಚೆಯ ಸಂಗತಿ ಹೊಳೆದಿತ್ತೋ ಇಲ್ಲವೋ, ಇವತ್ತಿನವರೆಗೂ ನಾನು ಕೇಳಿಲ್ಲ. ಅವಳು ಚಪ್ಪಲಿ ಮೆಟ್ಟಿ ಹೊರಗೆ ಹೋದಳು. ನಾನು ಖಾಲಿ ತಟ್ಟೆಯ ಮುಂದೆ ಕೂತಿದ್ದೆ. ಕಲ್ಲಿನ ಗಣಪತಿಗೆ ಇಡಲು ಹೆದರುವ ವಿಷವನ್ನು ಉಸಿರಾಡುವ ಹುಳುಗಳಿಗೆ ತಿನ್ನಿಸಿದ್ದೆ. ಅದರ ಪಾಪವನ್ನು ನನ್ನನ್ನೇ ನಂಬಿದ ಹುಡುಗಿಯ ಕೈಗೆ ಬಳಿದು, ಅದೇ ಕೈಯಿಂದ ನೀರು ಹಾಕಿಸಿಕೊಂಡು ನನ್ನ ಕೈ ತೊಳೆದಿದ್ದೆ.

ಮಣೆಯಿಂದ ಎದ್ದೆ. ಪೂಜೆ ಹಾಗೇ ನಿಂತಿತು.

ಮುನಿಯಮ್ಮ ಹುಳುಮನೆಯ ಗೋಡೆಗೆ ಸುಣ್ಣ ಬಳಿಯುತ್ತಿದ್ದಳು. ರೋಗ ಬಂದ ಮನೆಯನ್ನು ತೊಳೆಯಬೇಕಾದ ಕ್ರಮದಲ್ಲೇ ತೊಳೆದಿದ್ದಳು, ನಾನು ಹೇಳಿದ ಇಲ್ಲದ ರೋಗಕ್ಕೆ. ನಾನು ಬಾಗಿಲ ಹೊರಗೇ ನಿಂತು ಹೇಳಿದೆ. ಗಾಳಿ, ಕ್ಯಾನು, ಗೋಡೆ ಪಕ್ಕದ ಸಾಲು, ಎಲ್ಲ. ಕುಂಚ ಅವಳ ಕೈಯಲ್ಲೇ ಇತ್ತು. ಸುಣ್ಣ ಮೊಣಕೈವರೆಗೆ ಇಳಿಯುತ್ತಿತ್ತು.

"ಅವತ್ತು ಹುಳ ನೋಡ್ದಾಗ?" ಎಂದಳು.

"ಗೊತ್ತಿತ್ತು."

"ಸಪ್ಪೆ ರೋಗ ಅಂದ್ರಲ್ಲ?"

"ಸುಳ್ಳು ಹೇಳಿದೆ."

ಅವಳು ಕುಂಚವನ್ನು ಬಕೀಟಿಗೆ ಎಸೆದಳು. "ಹುಲ್ಲಿಗೋಸ್ಕರವಾ ಮೇಷ್ಟ್ರೇ? ಹಸ ತಿನ್ನದ ಹುಲ್ಲಿಗೆ?" ಎಂದವಳಿಗೆ ನಗು ಬಂದಂತಾಗಿ ಅದು ಅಳುವಾಯಿತು. "ಹುಳ ಹೋದ್ರೆ ಹೋಯ್ತು, ಇನ್ನೊಂದು ಬೆಳೆ ಬತ್ತದೆ. ನನ್ ಬಾಯಲ್ಲಿ ಆ ಮಾತು ಆಡುಸ್ಬುಟ್ರಲ್ಲ. ಇಂಥ ಕೈ ಅಂದ್ಬುಟ್ನಲ್ಲ ಆ ಮಗೀಗೆ! ಊರೋರ ಮುಂದೆ!"

"ನಷ್ಟ ಕಟ್ಟಿಕೊಡ್ತೀನಿ."

"ಕಟ್ಕೊಡಿ. ಅದು ಬ್ಯಾರೆ ಮಾತು. ನಂಗೇಳಿದ್ದು ಸಾಕು, ಮದ್ಲು ಅವ್ಳಿಗೇಳೋಗಿ. ನಾಳೆ ಬೆಳಿಗ್ಗೆ ಸಾತನೂರ್ ಬಸ್ಸೈತೆ."

ಮಾರನೆಯ ಬೆಳಿಗ್ಗೆ ಸರ್ಕಾರಿ ಬಸ್ಸಿನಲ್ಲಿ ಹೊರಟೆ. ಆ ದಾರಿಯಲ್ಲಿ ಮೂವತ್ತೆರಡು ವರ್ಷ ಓಡಾಡಿದವನು. ಹತ್ತಿದವರೆಲ್ಲ "ನಮಸ್ಕಾರ ಮೇಷ್ಟ್ರೇ" ಎಂದು ಜಾಗ ಬಿಡುತ್ತಿದ್ದರು. ಒಬ್ಬ ಎದ್ದು ತನ್ನ ಸೀಟನ್ನೇ ಕೊಟ್ಟ. ಕೂರಲಾಗಲಿಲ್ಲ, ಕಂಬಿ ಹಿಡಿದು ನಿಂತೇ ಹೋದೆ.

ಕೆಂಪಾಜಿಯ ತಂದೆ ಹುಚ್ಚಯ್ಯ ಜಗಲಿಯಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದರು. ಎದ್ದು, ತಮ್ಮ ಟವೆಲ್ಲಿನಲ್ಲೇ ಜಗಲಿ ಒರೆಸಿ ಕೂರಿಸಿದರು. "ನೀವು ಬಂದ್ರಲ್ಲ ಸಾರ್, ಒಳ್ಳೇದಾಯ್ತು. ಈ ಮುಂಡೇದ್ಕೆ ಒಸಿ ಬುದ್ದಿ ಹೇಳಿ. ನೀವು ಕಲ್ಸಿದ್ನ ಕೆಡಿಸ್ಕಂಡು ಬಂದು ಕುಂತವ್ಳೆ" ಎಂದರು. ಕೆಂಪಾಜಿ ಒಳಗಿಂದ ಬೆಲ್ಲ, ನೀರು ತಂದಿಟ್ಟು, ಬಾಗಿಲಿಗೆ ಒರಗಿ ನಿಂತಳು.

ನೀರನ್ನು ಮುಟ್ಟದೆ ಹೇಳಿದೆ. ತಂದೆಯ ಎದುರಿಗೇ ಹೇಳಿದೆ. ಹುಚ್ಚಯ್ಯನ ಕೈಯಲ್ಲಿ ಹಗ್ಗ ಹಾಗೇ ನಿಂತಿತು. ಅವರು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವರು ಸುಮ್ಮನೆ ಅಂಗಳದ ಕಡೆ ನೋಡಿದರು. ನನಗಾಗಿ ಅವರಿಗೇ ನಾಚಿಕೆಯಾಗಿತ್ತು.

ಕೆಂಪಾಜಿ ಕೇಳಿದ್ದು ಒಂದೇ. "ಹಂಗಾದ್ರೆ ನಾನ್ ಯೋಳಿದ್ದು ಸರ್ಯಾಗಿತ್ತಾ ಸಾರ್?"

"ಸರಿಯಾಗಿತ್ತಮ್ಮ. ಪೂರ್ತಿ ಸರಿಯಾಗಿತ್ತು."

ಒಳಗೆ ಹೋದಳು. ಬರುವಾಗ ಕೈಯಲ್ಲಿ ಆ ನೋಟುಬುಕ್ಕಿತ್ತು. ಅಂಚು ಸವೆದು ಹೋಗಿತ್ತು, ರಟ್ಟಿಗೆ ಹಳೆ ಕ್ಯಾಲೆಂಡರಿನ ದೇವರ ಪಟ ಸುತ್ತಿದ್ದಳು. ಪುಟ ತೆಗೆದು ನನ್ನ ಮುಂದಿಟ್ಟಳು. ವಿಷದ ಸೊಪ್ಪು ತಿಂದ ಹುಳುವಿನ ಲಕ್ಷಣಗಳು ಎಂಬ ತಲೆಬರಹ, ಅದರ ಕೆಳಗೆ ದುಂಡು ದುಂಡಾದ ಅಕ್ಷರದಲ್ಲಿ ಎಂಟು ಸಾಲು. ಎಂಟರ ಮೇಲೂ ಅಡ್ಡಗೀಟು. ಗೀಟು ಹೊಸದು.

"ನೀವು ಸಪ್ಪೆ ರೋಗ ಅಂದ್ರಲ್ಲ, ನಾನೇ ತಪ್ಪು ಬರ್ಕಂಡಿದ್ದೀನಿ ಅಂತ ಹೊಡ್ದಾಕ್ಬುಟ್ಟೆ" ಎಂದಳು. "ಇನ್ನೊಂದ್ಸಲ ಬರ್ಕೊಡಿ ಸಾರ್. ಈ ಸಲ ನಿಮ್ ಕೈಯಲ್ಲೇ."

ಪೆನ್ನು ಕೊಟ್ಟಳು. ಎದುರು ಪುಟದಲ್ಲಿ ಬರೆದೆ. ತಲೆ ಒದರುವುದು. ಹಸಿರು ನೀರು ಕಾರುವುದು. ಮೈ ಕುಗ್ಗುವುದು. ಅವಳು ಪಕ್ಕದಲ್ಲಿ ನಿಂತು, ನಾನು ಹಿಂದೆ ಅವಳ ನೋಟುಬುಕ್ಕು ತಿದ್ದುವಾಗ ನಿಲ್ಲುತ್ತಿದ್ದ ಹಾಗೆ, ನೋಡುತ್ತಿದ್ದಳು. ಮುಗಿಸಿ ಪೆನ್ನು ಮುಚ್ಚಿದಾಗ, "ಕೊನೇದು ಬುಟ್ರಿ" ಎಂದಳು. ಅನುಮಾನವಿರುವ ಸೊಪ್ಪನ್ನು ಮೊದಲು ಹತ್ತು ಹುಳುವಿಗೆ ಹಾಕಿ ಒಂದು ದಿನ ನೋಡುವುದು. ಅದನ್ನೂ ಬರೆದೆ. ಕೆಳಗೆ ಸಹಿ ಹಾಕಿ ಎಂದು ಅವಳು ಕೇಳಲಿಲ್ಲ. ನಾನೇ ಹಾಕಿದೆ.

ಶ್ರಾವಣದಲ್ಲಿ ಮುನಿಯಮ್ಮ ತಾನೇ ಹೋಗಿ ಸೊಸೆಯನ್ನು ಕರೆತಂದಳು. ಬಾಗಿಲಲ್ಲಿ ನಿಂತು ನೋಡಿದ್ದ ಹೆಂಗಸರಿಗೆಲ್ಲ ಅವಳೇ ಒಬ್ಬೊಬ್ಬರಿಗೂ ಸಂಗತಿ ಹೇಳಿದಳು. ಹೇಳಬೇಕಾದದ್ದೇ. ಹುಳಿನ ಮೇಷ್ಟ್ರು ಎಂದು ಕರೆಯುವವರು ಕಡಿಮೆಯಾದರು.

ಮುಂದಿನ ಬೇಸಿಗೆಗೆ ಮೆಕ್ಸಿಕನ್ ಹುಲ್ಲು ಪೂರ್ತಿ ಹೋಯಿತು. ನಾನು ಉಳಿಸಲು ನೋಡಲಿಲ್ಲ. ಖಲಂದರ್ ತಾನು ಒಟ್ಟಿ ಉಳಿಸಿದ್ದ ಗರಿಕೆಯನ್ನು ಕೈಯಗಲದ ತುಂಡು ಮಾಡಿ, ಗೇಣಿಗೊಂದರಂತೆ ಊರಿಕೊಟ್ಟ. ಈಗ ಅಂಗಳದ ತುಂಬ ಅದೇ. ನಾಲ್ಕು ದಿನಕ್ಕೊಮ್ಮೆ ನೀರು, ಬುಡಕ್ಕೆ ತಾಕದಂತೆ ಎರಡು ಬೆರಳು ಬಿಟ್ಟು ಕತ್ತರಿ, ಮಳೆಗೆ ಮುಂಚೆ ಒಂದು ಪದರ ಹಳೆ ಗೊಬ್ಬರ. ಗೊಣ್ಣೆಹುಳು ಕಂಡರೆ ಕೊಕ್ಕೆಯಲ್ಲಿ ಕೆದಕಿ ಒಂದೊಂದಾಗಿ ಆರಿಸುತ್ತೇನೆ. ಬೆನ್ನು ನೋಯುತ್ತದೆ, ನೋಯಲಿ. ಏಪ್ರಿಲಿನಲ್ಲಿ ಒಣಗಿ ಬಣವೆ ಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಮೊದಲ ಮಳೆಗೆ, ಏನೂ ಆಗಿಲ್ಲವೆಂಬಂತೆ ಹಸಿರಾಗುತ್ತದೆ. ನಮಗೆ ಹಸುವಿಲ್ಲದ್ದರಿಂದ ಕತ್ತರಿಸಿದ್ದನ್ನು ಮುನಿಯಮ್ಮನ ಹಸುವಿಗೆ ಕೊಡಬಹುದಿತ್ತು. ಕೊಡಲೇ ಎಂದು ಕೇಳಲು ಬಾಯಿ ಬಂದಿಲ್ಲ.

ಇಷ್ಟು ಗರಿಕೆ ಇದ್ದರೂ ಸಂಕಷ್ಟಿಯ ದಿನ ನಾನು ಬದುವಿಗೆ ಹೋಗಿ ತರುತ್ತೇನೆ. ನೆಲದಿಂದ ವಿಷ ಹೋಗಿ ಬಹಳ ದಿನವಾಯಿತು. ಆದರೂ ಅಂಗಳದ ಗರಿಕೆಗೆ ಕೈ ಏಳುವುದಿಲ್ಲ.

ಕೆಂಪಾಜಿ ನನ್ನನ್ನು ಕಂಡರೆ ಮೊದಲಿನಂತೆಯೇ ಸೆರಗು ಸರಿಮಾಡಿಕೊಂಡು "ಊಟ ಆಯ್ತಾ ಸಾರ್" ಎನ್ನುತ್ತಾಳೆ. ಆ ದನಿಯಲ್ಲಿ ಹುಡುಕಿದರೂ ಕಹಿಯಿಲ್ಲ. ಆದರೆ ಪ್ರತಿ ಬೆಳೆಯಲ್ಲೂ ಗೋಡೆ ಪಕ್ಕದ ಸಾಲನ್ನು ಕೊನೆಗೆ ಉಳಿಸುತ್ತಾಳೆ. ಅದನ್ನು ಕುಯ್ಯುವ ಹಿಂದಿನ ದಿನ ಬೆಳಿಗ್ಗೆ ಅದರಿಂದ ನಾಲ್ಕೇ ನಾಲ್ಕು ಎಲೆ ಬಿಡಿಸುತ್ತಾಳೆ. ಒಂದು ಚಿಕ್ಕ ಮೊರದಲ್ಲಿ ಹತ್ತು ಹುಳು ಹಾಕಿ, ಎಲೆ ಹೊದಿಸಿ, ಹುಳುಮನೆಯ ಹೊರಗೆ ಜಗಲಿಯ ನೆರಳಲ್ಲಿ ಇಡುತ್ತಾಳೆ. ನನಗೆ ಕಾಣಲೆಂದು ಇಡುವುದಲ್ಲ. ಪಾಠದಲ್ಲಿ ಹಾಗಿದೆ.

ಆ ದಿನ ನಾನು ಅಂಗಳ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಕತ್ತರಿಸಿದ ಹುಲ್ಲನ್ನೇ ಮತ್ತೆ ಕತ್ತರಿಸುತ್ತೇನೆ, ಇಲ್ಲದ ಕಳೆ ಕೀಳುತ್ತೇನೆ. ನಾನು ಏನೂ ಹೊಡೆದಿಲ್ಲ ಎಂದು ನನಗೆ ಗೊತ್ತು. ಆದರೂ ಸಂಜೆಯ ಹೊತ್ತಿಗೆ ಗೋಡೆಯ ಹತ್ತಿರ ಹೋಗಿ ಜಗಲಿಯ ಕಡೆ ನೋಡುತ್ತೇನೆ.

ಇಲ್ಲಿಯವರೆಗೆ ಹದಿಮೂರು ಬೆಳೆ ಆಗಿವೆ. ನಿನ್ನೆ ಹದಿನಾಲ್ಕನೆಯದರ ಮೊರ ಜಗಲಿಯ ಮೇಲೆ ಬಂತು. ಹೊತ್ತು ಇಳಿಯುವಾಗ ಕೆಂಪಾಜಿ ಹೊರಗೆ ಬಂದು, ಕುಕ್ಕರಗಾಲಲ್ಲಿ ಕೂತು, ಎಲೆ ಸರಿಸಿ, ಬೆರಳಿನಿಂದ ಎಣಿಸಿದಳು. ಎಣಿಸಿ, ಹತ್ತನ್ನೂ ಉಳಿದ ಹುಳುಗಳ ಜೊತೆ ಸೇರಿಸಲು ಮೊರ ಎತ್ತಿಕೊಂಡು ಒಳಗೆ ಹೋದಳು. ನಾನು ಹುಲ್ಲಿನ ಮೇಲೆ ಕೂತುಬಿಟ್ಟೆ.